ಸನದಿನ ಅಡುಗೆಮನೆ ಬದಿಯ ಖರ್ಜೂರ

ಜಿಂಜ್, ಬಹರೈನ್
ಆಗಸ್ಟ್, ಶುಕ್ರವಾರ

ಪ್ರೀತಿಯ ನಫೀಸಮ್ಮನಿಗೆ,

ಇಲ್ಲಿ ಸನದಿನ ಮನೆಯ ಹಿತ್ತಲಿಗೆ ಜೆಸಿಬಿ ತಂದು ನಿಮ್ಮಿಂದ ಬೈಸಿಕೊಂಡ ವಿಖ್ಯಾತನ ನಮಸ್ಕಾರಗಳು. ಫರಂಗಿಪೇಟೆಯಲ್ಲಿ ಎಲ್ಲರೂ ಹುಷಾರಾಗಿದ್ದೀರಲ್ಲ? ಮೊಣಕಾಲು ನೋವು ಹೇಗುಂಟು? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನಿಮಗೆ ಅರ್ಧ ಮಾತು ಕೇಳಿಸುವುದಿಲ್ಲ, ಉಳಿದರ್ಧ ಹೊತ್ತು ನೀವೇ ಮಾತಾಡುತ್ತೀರಿ. ಈ ಸಲ ನಾನು ಹೇಳಬೇಕಾದ್ದು ಸ್ವಲ್ಪ ಉದ್ದ ಉಂಟು. ಹೇಳಿದ ಮೇಲೆ ನೀವು ಯೋಚಿಸಿ ಉತ್ತರ ಕೊಡಬೇಕಾದದ್ದೂ ಒಂದುಂಟು. ಹಾಗಾಗಿ ಪತ್ರ. ನಮ್ಮ ಮಾತೆಲ್ಲ ತುಳುವಿನಲ್ಲಿ ಆಗುತ್ತಿದ್ದರೂ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಮೊಮ್ಮಗಳು ಝುಲ್ಫಾ ಓದಿ ಹೇಳಲಿ ಎಂದು. ನಮ್ಮ ಕಂಪೆನಿಯ ಕಜೆಟನ್ ನಾಡಿದ್ದು ಮಂಗಳೂರಿಗೆ ಬರುತ್ತಾನೆ. ಪತ್ರವನ್ನೂ ಜೊತೆಗೊಂದು ಡಬ್ಬಿಯನ್ನೂ ಅವನ ಕೈಯಲ್ಲಿ ಕೊಡುತ್ತಿದ್ದೇನೆ. ಝುಲ್ಫಾ, ನಿಧಾನವಾಗಿ ಓದು ಮಗಳೇ. ಅಜ್ಜಿ ನಡುವೆ ಬಾಯಿ ಹಾಕಿದರೆ ಅವರು ಮುಗಿಸುವವರೆಗೆ ಕಾದು ಮುಂದಕ್ಕೆ ಹೋಗು.

ನಾವು ಮೊದಲು ಭೇಟಿಯಾದ ಆ ಫೆಬ್ರವರಿಯ ಬೆಳಿಗ್ಗೆ ನನಗೆ ಚೆನ್ನಾಗಿ ನೆನಪುಂಟು. ನಿಮ್ಮ ಯಜಮಾನರಾದ ಖಲೀಲ್ ಅವರು ಮನೆ, ಹಿತ್ತಲು ಎರಡನ್ನೂ ಮಾರಿಯಾಗಿತ್ತು. ಅಲ್ಲಿ ಫ್ಲ್ಯಾಟುಗಳ ದೊಡ್ಡ ಕಟ್ಟಡ ಏಳುವುದಿತ್ತು. ಹಿತ್ತಲಿನ ಖರ್ಜೂರದ ಮರಗಳನ್ನು ಬೇರುಸಮೇತ ಎಬ್ಬಿಸಿ, ಸಮುದ್ರಕ್ಕೆ ಮಣ್ಣು ತುಂಬಿಸಿ ಕಟ್ಟುತ್ತಿದ್ದ ಹೊಸ ಪಟ್ಟಣಕ್ಕೆ ಸಾಗಿಸುವುದು ನಮ್ಮ ಕೆಲಸ. ಅವರ ತಾಯಿ ಉಮ್ ಖಲೀಲ್ ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ ಎನ್ನುವುದು ನನಗೆ ತಿಳಿದಿರಲಿಲ್ಲ. ಖಾಲಿ ಮನೆಯೆಂದೇ ಎಣಿಸಿದ್ದೆ. ಅಡುಗೆಮನೆ ಬದಿಯ ಮರದ ಹತ್ತಿರ ಜೆಸಿಬಿ ನಿಲ್ಲಿಸಿ ನಾನು ನಮ್ಮ ಕೆಲಸಗಾರ ಲೋಕಯ್ಯಣ್ಣನಿಗೆ ತುಳುವಿನಲ್ಲಿ ಏನೋ ಕೂಗಿದೆ. ಧಡಾರನೆ ಬಾಗಿಲು ತೆರೆಯಿತು. ನೀವು! ತಲೆಯ ಮೇಲೆ ಬಿಳಿ ಶಾಲು, ಕೈಯಲ್ಲಿ ಗುಡಿಸುವ ಹಿಡಿಸೂಡಿ.

“ಯಾರದು ಊರಿನವರು? ಮನೆಯೊಳಗೆ ಜನ ಉಂಟಾ ಇಲ್ಲವಾ ಎಂದು ಕೇಳುವ ಮರ್ಯಾದೆ ಇಲ್ವಾ? ಆ ಮರಕ್ಕೆ ಕೈ ಹಾಕಿ ನೋಡುವ!”

ಲೋಕಯ್ಯಣ್ಣ ಜೆಸಿಬಿಯ ಹಿಂದೆ ಅಡಗಿದ. ನನಗೆ ಮಾತ್ರ ಎಂಥದೋ ಸಂತೋಷ. ಈ ಊರಿಗೆ ಬಂದು ಇಷ್ಟು ವರ್ಷಗಳಾದರೂ ತುಳುವಿನಲ್ಲಿ ಅಷ್ಟು ಚಂದ ಮಾಡಿ ಯಾರೂ ನನಗೆ ಬೈದಿರಲಿಲ್ಲ. ಅರ್ಧ ಗಂಟೆಯಲ್ಲಿ ನೀವೇ ನಮ್ಮೆಲ್ಲರನ್ನೂ ಕೂರಿಸಿ ಚಹಾ ಕೊಟ್ಟಿರಿ, ಅಕ್ಕಿ ರೊಟ್ಟಿಯಂಥ ಬಿಸಿ ಪತ್ತಿರ್ ಮಾಡಿ ಮೀನಿನ ಸಾರಿನ ಜೊತೆ ಬಡಿಸಿದಿರಿ. ಆಗಲೇ ಗೊತ್ತಾದದ್ದು, ನೀವು ಆ ಮನೆಯ ಅಡುಗೆಗೆ ಬಂದು ಮೂವತ್ತು ವರ್ಷ ದಾಟಿತೆಂದು. ಖಲೀಲ್ ಶಾಲೆಗೆ ಹೋಗುತ್ತಿದ್ದಾಗ ಬಂದವರು ನೀವು. ಅವರ ಕೊನೆಯ ತಂಗಿ ದಾನಾ ಹುಟ್ಟಿದ್ದು, ನಡೆದದ್ದು ಎಲ್ಲ ನಿಮ್ಮ ಕಣ್ಣೆದುರಿಗೇ. ಅವಳು ಹುಟ್ಟಿದ ವರ್ಷವೇ ಪಾತ್ರೆ ತೊಳೆದ ನೀರು ಹರಿಯುವಲ್ಲಿ ನೀವೊಂದು ಖರ್ಜೂರದ ಸಸಿ ಊರಿದಿರಿ. ಗೋಡೆಯ ನೆರಳಿನಿಂದ ತಪ್ಪಿಸಿಕೊಂಡು ಬಿಸಿಲನ್ನು ಹುಡುಕುತ್ತಾ ಅದು ವಾಲಿಕೊಂಡೇ ಬೆಳೆಯಿತು. ಆ ಡೊಂಕಿನ ಮೇಲೆ ಕುದುರೆ ಕೂತ ಹಾಗೆ ಕೂತು ದಾನಾ ಊಟ ಮಾಡುತ್ತಿದ್ದದ್ದನ್ನು ನೀವು ನಗುತ್ತಾ ಹೇಳಿದ್ದಿರಿ.

ಮರುದಿನ ಕನ್ಸಲ್ಟೆಂಟ್ ಕಡೆಯ ಇಂಜಿನಿಯರ್ ಬಂದು, ಒಯ್ಯಬೇಕಾದ ಮರಗಳಿಗೆಲ್ಲ ಹಸಿರು ರಿಬ್ಬನ್ ಕಟ್ಟಿಸಿದ. ಒಳ್ಳೆಯ ಮನುಷ್ಯ, ಆದರೆ ಅವನ ನಕ್ಷೆಯಲ್ಲಿ ಇದ್ದದ್ದು ನೆಟ್ಟಗಿನ ಮರಗಳು ಮಾತ್ರ. ಅಡುಗೆಮನೆ ಬದಿಯ ಮರವನ್ನು ನೋಡಿ ತಲೆಯಾಡಿಸಿದ. ಇದು ಬೇಡ, ಕಡಿದುಬಿಡಿ ಎಂದು ಇಂಗ್ಲಿಷಿನಲ್ಲಿ ಹೇಳಿದ. ನೀವು ನನ್ನ ಕಡೆ ತಿರುಗಿ, “ಎಂತ ಹೇಳುತ್ತಾನೆ?” ಎಂದು ಕೇಳಿದಿರಿ. ನಾನು ಹೇಳಿದೆ. ನೀವು ಅವನೆದುರು ಹೋಗಿ ನಿಂತು ಅರಬ್ಬಿಯಲ್ಲಿ ಏನೋ ಹೇಳಿದಿರಿ. ಅವನು ಪೆಚ್ಚಾಗಿ ನಕ್ಕು, ನಿಮ್ಮ ಕೈ ಮುಟ್ಟಿ, ಹೊರಗೆ ನಡೆದ. ಆಮೇಲೆ ನೀವು ನಮಗೆ ಅರ್ಥ ಹೇಳಿದಿರಿ: “ಬಾಗಿದ್ದಕ್ಕೆ ಬಿಸಾಡುವುದಾದರೆ ಮೊದಲು ನನ್ನ ಬೆನ್ನು ನೋಡಪ್ಪಾ ಅಂದೆ.”

ನಗು ಬಂತು, ಆದರೆ ಅದರಿಂದ ಮರ ಅವನ ಪಟ್ಟಿಗೆ ಸೇರಲಿಲ್ಲವಲ್ಲ. ಅವನ ಕೈಯಲ್ಲಿಯೂ ಏನೂ ಇರಲಿಲ್ಲ ನಫೀಸಮ್ಮ. ಈ ಊರಿನ ಅವಸರವೇ ಅಂಥದ್ದು. ನಾನು ಬಂದ ಹೊಸತರಲ್ಲಿ ಮೀನುಗಾರರ ದೋಣಿಗಳು ತೇಲುತ್ತಿದ್ದ ಕಡೆ ಈಗ ಟ್ರಾಫಿಕ್ ಸಿಗ್ನಲ್ ಉಂಟು. ಆ ಹೊಸ ಪಟ್ಟಣದ ಕೆಲಸಕ್ಕೆ ಮೊದಲು ಹೋದಾಗ ನನ್ನ ಫೋನಿನ ಮ್ಯಾಪ್, ನಾನು ಸಮುದ್ರದ ನಡುವೆ ಗಾಡಿ ಓಡಿಸುತ್ತಿದ್ದೇನೆ ಎಂದು ತೋರಿಸುತ್ತಿತ್ತು. ಸುತ್ತ ನೀಲಿ, ನಡುವೆ ನಾನೊಂದು ಚುಕ್ಕೆ. ಇವತ್ತು ಅದೇ ಜಾಗದಲ್ಲಿ ಮೂವತ್ತು, ನಲವತ್ತು ಮಾಳಿಗೆಯ ಕಟ್ಟಡಗಳಿವೆ. ನನಗೆ ಅದರ ಮೇಲೆ ಸಿಟ್ಟಿಲ್ಲ. ನನ್ನ ಅನ್ನ ಅದು. ಸಂಜೆ ಬಿಸಿಲು ಇಳಿಯುವಾಗ ಆ ಗಾಜಿನ ಗೋಡೆಗಳೆಲ್ಲ ಕೆಂಪಾಗುವುದನ್ನು ನೋಡಿದರೆ, ಇದರಲ್ಲಿ ನನ್ನ ಕೈಯೂ ಉಂಟು ಎಂದು ಹೆಮ್ಮೆಯಾಗುತ್ತದೆ. ಆದರೆ ಕಟ್ಟಡವನ್ನು ಎರಡು ವರ್ಷದಲ್ಲಿ ಎಬ್ಬಿಸಬಹುದು, ಮರವನ್ನು ಆಗುವುದಿಲ್ಲ. ಬೀದಿ ಉದ್ಘಾಟನೆಯ ದಿನವೇ ನೆರಳೂ ಬೇಕು. ಹಾಗಾಗಿ ಯಾರದೋ ಹಿತ್ತಲಲ್ಲಿ ಬೆಳೆದು ನಿಂತ ಮರವನ್ನೇ ತರಬೇಕು.

ಮನೆ ಮಾರಿದ್ದರಿಂದ ನೀವೂ ಊರಿಗೆ ಮರಳುವುದಿತ್ತು. ಹೊರಡುವ ಮೊದಲು ಆ ಪಟ್ಟಣವನ್ನೊಮ್ಮೆ ನೋಡಬೇಕು, ನನ್ನ ಮರಗಳು ಎಲ್ಲಿಗೆ ಹೋಗುತ್ತವೆ ನೋಡುತ್ತೇನೆ ಎಂದಿರಿ. ಇಷ್ಟು ವರ್ಷ ಈ ದೇಶದಲ್ಲಿದ್ದರೂ ನೀವು ಕಂಡದ್ದು ಸನದಿನ ಬೀದಿ, ಅಂಗಡಿ, ಆಸ್ಪತ್ರೆ, ಹೆಚ್ಚೆಂದರೆ ಮನಾಮದ ಬಟ್ಟೆ ಪೇಟೆ. ಕಂಪೆನಿಯ ಪಿಕಪ್ಪಿನಲ್ಲಿ ನಿಮ್ಮನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದೆ. ಸೇತುವೆ ದಾಟಿ ಆ ಕಟ್ಟಡಗಳ ಬುಡಕ್ಕೆ ಬಂದಾಗ ನೀವು ಕಿಟಕಿಯಿಂದ ತಲೆ ಹೊರಗೆ ಹಾಕಿ ಬಹಳ ಹೊತ್ತು ಮೇಲಕ್ಕೆ ನೋಡಿದಿರಿ. ದೇವರೇ, ಎಷ್ಟು ಎತ್ತರ ಎನ್ನುತ್ತೀರೆಂದು ಕಾದಿದ್ದೆ. ನೀವು ಕೇಳಿದ್ದು ಬೇರೆ.

“ಇಷ್ಟೊಂದು ಕನ್ನಡಿ ಉಂಟಲ್ಲ ಮಗಾ, ಇದನ್ನೆಲ್ಲ ಒರೆಸುವುದು ಯಾರು?”

ಹಗ್ಗದಲ್ಲಿ ನೇತಾಡುತ್ತಾ ಒರೆಸುತ್ತಿದ್ದ ಹುಡುಗರನ್ನು ತೋರಿಸಿದೆ. ನೀವು ಅವರನ್ನು ನೋಡುತ್ತಾ ಏನೋ ಪಿಸುಗುಟ್ಟಿದಿರಿ, ಪ್ರಾರ್ಥನೆ ಇರಬೇಕು. ಆಮೇಲೆ ದಂಡೆಯ ಉದ್ದಕ್ಕೂ ನಡೆದೆವು. ಗುಂಡಿ ತೋಡಿಟ್ಟಿದ್ದ ಜಾಗಗಳನ್ನು ತೋರಿಸಿದೆ. ನೀವು ಪ್ರತಿ ಗುಂಡಿಯ ಹತ್ತಿರ ನಿಂತು, ಇಲ್ಲಿಗೆ ಯಾವುದು, ಅಲ್ಲಿಗೆ ಯಾವುದು ಎಂದು ವಿಚಾರಿಸಿದಿರಿ, ಹೆಣ್ಣು ಮಕ್ಕಳನ್ನು ಕೊಟ್ಟ ಮನೆಗಳನ್ನು ನೋಡಲು ಬಂದ ತಾಯಿಯ ಹಾಗೆ. ಹಿಂದಿರುಗುವಾಗ ಹೇಳಿದಿರಿ, “ಚಂದ ಉಂಟು. ನನಗೆ ಬೇಜಾರಿಲ್ಲ. ಆದರೆ ಇಲ್ಲಿ ಹಣ್ಣು ಬಿಟ್ಟರೆ ಕೊಯ್ದು ತಿನ್ನುವವರು ಯಾರೂ ಕಾಣುವುದಿಲ್ಲ. ಆ ಡೊಂಕು ಮರಕ್ಕೆ ತಿನ್ನುವವರು ಇರುವ ಒಂದು ಜಾಗ ನೋಡು ಮಗಾ.”

ಜಾಗ ಹೇಳಿದ್ದು ಲೋಕಯ್ಯಣ್ಣ. ಅಸ್ಕರಿನಲ್ಲಿ ನಮ್ಮ ಕೆಲಸಗಾರರು ಇರುವ ಕ್ಯಾಂಪಿನ ಅಂಗಳದಲ್ಲಿ ಜಲ್ಲಿಕಲ್ಲು, ಬಟ್ಟೆ ಒಣಗಿಸುವ ತಂತಿ ಬಿಟ್ಟರೆ ಬೇರೇನೂ ಇರಲಿಲ್ಲ. ಸ್ನಾನದ ನೀರು ಸುಮ್ಮನೆ ಹರಿದು ಹೋಗುತ್ತದೆ, ಅದನ್ನೇ ಬಿಡುವ ಎಂದ. ಕ್ಯಾಂಪ್ ನೋಡಿಕೊಳ್ಳುವವನು ಮೊದಲು ಒಪ್ಪಲಿಲ್ಲ. ಮರ ಬಿದ್ದು ಯಾರಿಗಾದರೂ ಪೆಟ್ಟಾದರೆ ಯಾರು ಜವಾಬ್ದಾರಿ ಎಂದ. ಮೂರು ಕಡೆ ಕಂಬ ಊರಿ ಕಟ್ಟುತ್ತೇವೆ ಎಂದು ನಾನು ಬರೆದುಕೊಟ್ಟೆ. ನೀವು ಹೊರಡುವ ಹಿಂದಿನ ದಿನ ಅದನ್ನು ಎಬ್ಬಿಸಿದೆವು. ಗರಿಗಳನ್ನೆಲ್ಲ ಮೇಲಕ್ಕೆ ಒಟ್ಟು ಸೇರಿಸಿ ಕಟ್ಟಿ, ಬುಡದ ಮಣ್ಣನ್ನು ಗೋಣಿಯಲ್ಲಿ ಸುತ್ತಿ, ಕ್ರೇನಿನ ಬೆಲ್ಟ್ ಹಾಕಿ ಎತ್ತಿದಾಗ ನೀವು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತಿದ್ದಿರಿ. ಅಳಲಿಲ್ಲ. “ಮೆಲ್ಲ, ಮೆಲ್ಲ” ಎನ್ನುತ್ತಿದ್ದಿರಿ ಅಷ್ಟೇ.

ಮರುದಿನ ಖಲೀಲ್ ಅವರು ನಿಮಗೆ ಟ್ಯಾಕ್ಸಿ ಹೇಳಿದ್ದರು. ನಿಮಗೆ ಕೊಡಬೇಕಾದದ್ದನ್ನೆಲ್ಲ ಅವರು ಸರಿಯಾಗಿಯೇ ಕೊಟ್ಟಿದ್ದರು, ಅದರಲ್ಲಿ ಮಾತಿಲ್ಲ. ಆದರೂ ಟ್ಯಾಕ್ಸಿಯಲ್ಲಿ ನಿಮ್ಮೊಬ್ಬರನ್ನೇ ಕಳಿಸಲು ನನಗೆ ಮನಸ್ಸಾಗಲಿಲ್ಲ, ನಾನೇ ಬಂದೆ. ವಿಮಾನ ನಿಲ್ದಾಣದ ಬಾಗಿಲಲ್ಲಿ ನೀವು ಹಿಂದಿರುಗಿ ನೋಡಿದಿರಿ. ಸ್ವಲ್ಪ ಮುಂದೆ ಹೋಗಿ ಮತ್ತೆ ನೋಡಿದಿರಿ. ನಾನು ಕೈ ಬೀಸಿದೆ. ಆದರೆ ನೀವು ನೋಡುತ್ತಿದ್ದದ್ದು ನನ್ನನ್ನಲ್ಲ ಎಂದು ನನಗೆ ಆಗಲೇ ಗೊತ್ತಾಗಿತ್ತು. ನಿಮ್ಮ ಕೈಯಲ್ಲಿ ಉಂಡು ಬೆಳೆದ ಆ ಮನೆಯವರು ಒಬ್ಬರೂ ಅಲ್ಲಿರಲಿಲ್ಲ. ನೀವು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಆಮೇಲೆ ಫೋನಿನಲ್ಲಿಯೂ ಆಡಿಲ್ಲ. ದಾನಾ ಹೇಗಿದ್ದಾಳೋ ಎಂದು ಕೂಡ ನೀವು ನನ್ನನ್ನು ಕೇಳಿದವರಲ್ಲ. ಇವನಿಗೆ ಹೇಗೆ ಗೊತ್ತಿರಬೇಕು ಎಂದುಕೊಂಡಿರಬಹುದು.

ಮರದ ಸುದ್ದಿ ಹೇಳುತ್ತೇನೆ. ಮೊದಲ ಬೇಸಿಗೆಯಲ್ಲಿ ಅದರ ಗರಿಗಳೆಲ್ಲ ಒಣಗಿ ಬೂದಿ ಬಣ್ಣವಾದವು. ಹೋಯಿತು ಎಂದೇ ಎಲ್ಲರೂ ಹೇಳಿದರು. ಲೋಕಯ್ಯಣ್ಣ ಮಾತ್ರ ದಿನಾ ಸಂಜೆ ಬಂದು ಸುಳಿಯನ್ನು ನೋಡಿ, ಒಳಗೆ ಜೀವ ಉಂಟು ಎನ್ನುತ್ತಿದ್ದ. ಊರಿನಲ್ಲಿ ಶೇಂದಿ ಇಳಿಸುತ್ತಿದ್ದವನಲ್ಲವೇ, ಅವನಿಗೆ ಮರ ಹತ್ತದಿದ್ದರೆ ನಿದ್ದೆ ಬರುವುದಿಲ್ಲ. ಹೊಸ ಪಟ್ಟಣಕ್ಕೆ ಹೋದವುಗಳಲ್ಲಿಯೂ ಕೆಲವು ಉಪ್ಪು ನೆಲಕ್ಕೆ ತಾಳದೆ ಸತ್ತವು. ಅವುಗಳ ಜಾಗಕ್ಕೆ ಬೇರೆ ಹಿತ್ತಲುಗಳಿಂದ ಬೇರೆ ಮರಗಳು ಬಂದವು. ಉಳಿದವು ಚೆನ್ನಾಗಿವೆ. ಈಗ ಸಂಜೆಯಾದರೆ ಜನ ಮಕ್ಕಳನ್ನು ಕರೆದುಕೊಂಡು ಅವುಗಳ ಕೆಳಗೆ ನಡೆಯುತ್ತಾರೆ. ನನ್ನ ಹೆಂಡತಿ ಭವ್ಯಶ್ರೀಯೂ ನಾನೂ ಒಮ್ಮೊಮ್ಮೆ ಹೋಗುತ್ತೇವೆ. ಇದು ನಫೀಸಮ್ಮನ ಮರ, ಅದೂ ನಫೀಸಮ್ಮನ ಮರ ಎಂದು ನಾನು ತೋರಿಸುತ್ತಾ ಹೋಗುತ್ತೇನೆ. ಅವಳು, ಸಾಕು ಮಾರಾಯ್ರೆ, ಐಸ್ ಕ್ರೀಮ್ ಕೊಡಿಸಿ ಎನ್ನುತ್ತಾಳೆ.

ಅಸ್ಕರಿನ ಮರ ಚಳಿಗಾಲ ಬಂದಾಗ ಒಂದು ಹಸಿರು ಗರಿ ಬಿಟ್ಟಿತು. ಆ ದಿನ ಕ್ಯಾಂಪಿನಲ್ಲಿ ಪಾಯಸ ಮಾಡಿದರಂತೆ. ಈ ವರ್ಷ ಹೂವಾಯಿತು. ಲೋಕಯ್ಯಣ್ಣ ಯಾವುದೋ ತೋಟದಿಂದ ಗಂಡು ಹೂವಿನ ಎಸಳು ಕೇಳಿ ತಂದು, ಮರ ಹತ್ತಿ, ಕಾಯಿ ಕಚ್ಚಲೆಂದು ಇದರ ಹೂವಿಗೆ ಕಟ್ಟಿದ. ಜುಲೈ ಹೊತ್ತಿಗೆ ಎರಡು ಗೊನೆ ಹಣ್ಣಾದವು. ದೊಡ್ಡ ಗೊನೆಗಳೇನಲ್ಲ. ಆದರೆ ಬಂಗಾಲಿಗಳು, ತೆಲುಗರು, ನಮ್ಮವರು, ನೇಪಾಳಿಗಳು ಎಲ್ಲ ಒಂದೇ ತಟ್ಟೆಗೆ ಕೈ ಹಾಕಿ ತಿಂದರು. ನಿಮ್ಮ ಪಾಲನ್ನು ಎತ್ತಿಟ್ಟಿದ್ದೆ, ಕಜೆಟನ್ ತರುವ ಡಬ್ಬಿಯಲ್ಲಿರುವುದು ಅದೇ. ತಿನ್ನುವವರು ಇರುವ ಜಾಗ ಬೇಕೆಂದಿರಲ್ಲ, ಇದಕ್ಕಿಂತ ಒಳ್ಳೆಯದು ನನಗೆ ಸಿಗುತ್ತಿರಲಿಲ್ಲ.

ಇನ್ನು ಈ ಪತ್ರ ಬರೆಯಲು ಕಾರಣವಾದ ಸಂಗತಿ.

ಹೋದ ವಾರ ದಂಡೆಯ ತೋಟ ನೋಡಿಕೊಳ್ಳುವ ನಮ್ಮ ಹುಡುಗರಿಂದ ಫೋನ್ ಬಂತು. ಒಬ್ಬ ಬಹರೈನಿ ಹೆಂಗಸು ಎರಡು ದಿನದಿಂದ ಬರುತ್ತಿದ್ದಾಳೆ, ಒಂದೊಂದೇ ಮರವನ್ನು ನೋಡುತ್ತಾ ನಡೆಯುತ್ತಾಳೆ, ಸನದಿನಿಂದ ತಂದ ಬಾಗಿದ ಮರ ಎಲ್ಲಿ ಎಂದು ಕೇಳುತ್ತಾಳೆ, ನಮಗೆ ಗೊತ್ತಿಲ್ಲ, ನೀವು ಬನ್ನಿ ಎಂದರು. ಹೋದೆ. ಬಿಸಿಲಿನಲ್ಲಿ ಮುಖ ಕೆಂಪಾಗಿ, ಕಪ್ಪು ಅಬಾಯಾದ ತೋಳನ್ನು ಮೇಲಕ್ಕೆ ಮಡಚಿ ನಿಂತಿದ್ದಳು. ಹೆಸರು ಹೇಳುವ ಮೊದಲೇ ನನಗೆ ಗೊತ್ತಾಯಿತು. ನಿಮ್ಮ ದಾನಾ.

ಇಂಗ್ಲೆಂಡಿನಲ್ಲಿ ಓದು ಮುಗಿಸಿ ಬಂದಿದ್ದಾಳೆ. ಇಲ್ಲಿ ಒಂದು ಬ್ಯಾಂಕಿನಲ್ಲಿ ಕೆಲಸ. ಅದೇ ಹೊಸ ಪಟ್ಟಣದಲ್ಲಿ ಬಹಳ ಎತ್ತರದ ಮಾಳಿಗೆಯಲ್ಲಿ ಫ್ಲ್ಯಾಟ್ ಮಾಡಿದ್ದಾಳೆ. ಕಿಟಕಿಯಿಂದ ನೋಡಿದರೆ ಇಡೀ ಊರು ಕಾಣುತ್ತದಂತೆ, ತನ್ನ ಮನೆ ಇದ್ದ ಜಾಗ ಯಾವುದೆಂದು ಮಾತ್ರ ಗೊತ್ತಾಗುವುದಿಲ್ಲವಂತೆ. ಹಿತ್ತಲಿನ ಮರಗಳನ್ನೆಲ್ಲ ಈ ದಂಡೆಗೆ ತಂದಿದ್ದಾರೆ ಎಂದು ಅಣ್ಣ ಹೇಳಿದನಂತೆ, ಹಾಗೆ ಹುಡುಕಿಕೊಂಡು ಬಂದಿದ್ದಳು. ಆ ಮರ ಇಲ್ಲಿಲ್ಲ, ಅಸ್ಕರಿನಲ್ಲಿ ಕೆಲಸಗಾರರ ಕ್ಯಾಂಪಿನಲ್ಲಿ ಉಂಟು ಎಂದೆ. ಈಗಲೇ ಹೋಗುವ ಎಂದಳು.

ಕ್ಯಾಂಪಿನಲ್ಲಿ ಆದ ಗಡಿಬಿಡಿ ನೀವು ನೋಡಬೇಕಿತ್ತು. ತಂತಿಯ ಮೇಲಿನ ಬಟ್ಟೆಗಳೆಲ್ಲ ಒಂದೇ ನಿಮಿಷದಲ್ಲಿ ಮಾಯ. ಲೋಕಯ್ಯಣ್ಣ ಪ್ಲಾಸ್ಟಿಕ್ ಕುರ್ಚಿಯನ್ನು ಮೂರು ಸಲ ತೊಳೆದ. ಅವಳು ಕುರ್ಚಿಯಲ್ಲಿ ಕೂರಲಿಲ್ಲ. ಮರದ ಸುತ್ತ ಒಂದು ಸುತ್ತು ಬಂದು, ಅದರ ಡೊಂಕಿನ ಮೇಲೆ ಕೈಯಾಡಿಸಿದಳು. ಲೋಕಯ್ಯಣ್ಣ ಮೇಲೆ ಉಳಿದಿದ್ದ ನಾಲ್ಕು ಹಣ್ಣು ಕಿತ್ತು ತಂದು ಕೊಟ್ಟ. ಒಂದನ್ನು ಬಾಯಿಗೆ ಹಾಕಿಕೊಂಡು ಆಮೇಲೆ ಕೇಳಿದಳು, ನಫೀಸಾ ಎಲ್ಲಿದ್ದಾರೆ ನಿಮಗೆ ಗೊತ್ತೇ ಎಂದು.

ನಾನು ಸ್ವಲ್ಪ ಒರಟಾಗಿಯೇ ಉತ್ತರಿಸಿದೆ ನಫೀಸಮ್ಮ. ಕೆಲಸಕ್ಕೆ ಕರೆಯುವುದಾದರೆ ನಾನು ವಿಳಾಸ ಕೊಡುವುದಿಲ್ಲ, ಅವರಿಗೆ ವಯಸ್ಸಾಗಿದೆ, ಈಗ ಅವರು ಅವರ ಮನೆಯಲ್ಲಿದ್ದಾರೆ ಎಂದೆ. ಅವಳಿಗೆ ನೋವಾಯಿತು. ಕುರ್ಚಿಯಲ್ಲಿ ಕೂತು ಹೇಳತೊಡಗಿದಳು. ತಾಯಿ ತೀರಿಕೊಂಡಾಗ ಓಡಿ ಬಂದವಳು ಇಲ್ಲಿ ಇದ್ದದ್ದು ಮೂರೇ ದಿನ. ಮನೆ ತುಂಬ ಹೆಂಗಸರು. ಇವಳು ಅವರ ನಡುವೆ, ನೀವು ಅಡುಗೆಮನೆಯಲ್ಲಿ ಅಷ್ಟು ಜನರಿಗೆ ಬೇಯಿಸುತ್ತಾ. ಒಮ್ಮೆ ಓಡಿಬಂದು ನಿಮ್ಮನ್ನು ತಬ್ಬಿಕೊಂಡದ್ದು ಬಿಟ್ಟರೆ ಮಾತಾಡಲು ಆಗಲಿಲ್ಲ. ಪರೀಕ್ಷೆ ಮುಗಿಸಿ ಬಂದ ಮೇಲೆ ನಿಧಾನವಾಗಿ ಕೂತು ಕೇಳುತ್ತೇನೆ ಎಂದುಕೊಂಡು ಹೋದಳು. ಬಂದಾಗ ನೀವೂ ಇರಲಿಲ್ಲ, ಮನೆಯೂ ಇರಲಿಲ್ಲ. ನಿಮ್ಮನ್ನು ಕಳಿಸಿದ್ದನ್ನೂ ಅಣ್ಣ ತಿಂಗಳಾದ ಮೇಲೆ ಹೇಳಿದನಂತೆ. ತಾಯಿಯ ಮಾತೆತ್ತಿದರೆ ಅವನು ಎದ್ದು ಹೋಗುತ್ತಾನಂತೆ.

“ನನಗೆ ಕೇಳಬೇಕಾದದ್ದು ಒಂದೇ,” ಎಂದಳು. “ಕೊನೆಯ ದಿನಗಳಲ್ಲಿ ಅಮ್ಮ ನನ್ನನ್ನು ಕೇಳಿದರಾ? ಅದು ನಫೀಸಾಳಿಗೆ ಮಾತ್ರ ಗೊತ್ತು.”

ಲೋಕಯ್ಯಣ್ಣನಿಗೆ ಇಂಗ್ಲಿಷ್ ಅರ್ಥವಾಗುವುದಿಲ್ಲ. ಆದರೂ ಅವನು ಹೆಗಲ ಬೈರಾಸಿನಿಂದ ಕಣ್ಣೊರೆಸಿಕೊಂಡ. ನಾನು ವಿಳಾಸ ಕೊಟ್ಟೆ.

ಅವಳು ಮುಂದಿನ ತಿಂಗಳು ಬರುತ್ತಾಳೆ. ಟಿಕೆಟ್ ನೋಡಿಯಾಗಿದೆ, ವೀಸಾಕ್ಕೂ ಹಾಕಿದ್ದಾಳೆ. ಹೋಟೆಲ್ ಮಾಡುವುದಿಲ್ಲವಂತೆ, ನಿಮ್ಮ ಮನೆಯಲ್ಲೇ ಉಳಿಯುತ್ತಾಳಂತೆ, ನೀವು ಒಪ್ಪಿದರೆ. ಒಮ್ಮೆಗೇ ಬಾಗಿಲಲ್ಲಿ ನಿಂತರೆ ನಿಮಗೆ ಗಾಬರಿಯಾದೀತು, ಮೊದಲೇ ತಿಳಿಸಿ ಎಂದು ಹೇಳಿದ್ದು ಅವಳೇ. ಒಪ್ಪಿಗೆಯೋ ಅಲ್ಲವೋ ಎಂದು ಝುಲ್ಫಾಳ ಕೈಯಲ್ಲಿ ನನಗೊಂದು ಮೆಸೇಜ್ ಹಾಕಿಸಿ. ಒಪ್ಪಿದರೆ ಸುಣ್ಣ ಬಣ್ಣ ಎಂದು ಮನೆಯವರಿಗೆ ತೊಂದರೆ ಕೊಡಬೇಡಿ. ಪತ್ತಿರ್ ಮಾಡಿದರೆ ಸಾಕು. ಆ ಹೆಸರು ಅವಳ ಬಾಯಿಂದಲೇ ಬಂತು, ನನಗಿಂತ ಚೆನ್ನಾಗಿ ಹೇಳಿದಳು. ನೀವು ತನ್ನನ್ನು “ಮೋಲೆ” ಎಂದು ಕರೆಯುತ್ತಿದ್ದದ್ದನ್ನೂ ಹೇಳಿದಳು. ಅದು ತನ್ನದೇ ಇನ್ನೊಂದು ಹೆಸರು ಎಂದು ಶಾಲೆಗೆ ಹೋಗುವವರೆಗೂ ತಿಳಿದಿದ್ದಳಂತೆ. ಬ್ಯಾರಿ ಭಾಷೆಯಲ್ಲಿ ಮಗಳೇ ಎಂದು ಅರ್ಥ ಎಂದು ಆಮೇಲೆ ನೀವೇ ಹೇಳಿಕೊಟ್ಟಿರಂತೆ.

ಇನ್ನೊಂದು ಮಾತು, ಕೊನೆಯದು. ವಿಮಾನ ನಿಲ್ದಾಣದ ದಾರಿಯಲ್ಲಿ ನೀವು ನನಗೆ ಹೇಳಿದ್ದಿರಿ. ಉಮ್ ಖಲೀಲ್ ಅವರಿಗೆ ಕಡೆಯ ವಾರ ಕಣ್ಣು ಮಂಜಾಗಿತ್ತು. ನಿಮ್ಮ ಕೈ ಹಿಡಿದು, ದಾನಾ, ಬಂದೆಯಾ ಎಂದು ಕೇಳುತ್ತಿದ್ದರು. ಮೊದಲ ಸಲ ನೀವು, ಅಲ್ಲ, ನಾನು ನಫೀಸಾ ಎಂದಿರಿ. ಅವರ ಮುಖ ಬಾಡಿದ್ದನ್ನು ನೋಡಲಾಗದೆ ಮರುದಿನದಿಂದ, ಬಂದೆ ಅಮ್ಮಾ, ಇಲ್ಲೇ ಇದ್ದೇನೆ ಎನ್ನತೊಡಗಿದಿರಿ. ಕಣ್ಣು ಮುಚ್ಚುವವರೆಗೂ ಹಾಗೆಯೇ ಹೇಳಿದಿರಿ. “ಸುಳ್ಳು ಹೇಳಿದೆ ಮಗಾ, ಅಲ್ಲಾಹು ಕ್ಷಮಿಸಲಿ,” ಎಂದು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿರಿ.

ಇದನ್ನು ನಾನು ದಾನಾಳಿಗೆ ಹೇಳಿಲ್ಲ. ನಾಲಿಗೆಯ ತುದಿಯವರೆಗೆ ಬಂದಿತ್ತು, ನುಂಗಿಕೊಂಡೆ. ಅದು ನಿಮ್ಮ ಬಾಯಿಂದ, ನೀವಿಬ್ಬರೂ ಆಡುವ ಆ ಅರಬ್ಬಿಯಲ್ಲಿ ಬರಬೇಕಾದ ಮಾತು. ಅವಳು ಬರಲಿ, ಉಣ್ಣಲಿ, ಒಂದು ನಿದ್ದೆ ಮಾಡಿ ಏಳಲಿ. ಆಮೇಲೆ ಹತ್ತಿರ ಕೂರಿಸಿಕೊಂಡು ಹೇಳಿ. ಸುಳ್ಳು ಹೇಳಿದೆ ಎಂದು ಮಾತ್ರ ಹೇಳಬೇಡಿ ನಫೀಸಮ್ಮ. ಅವಳ ತಾಯಿ ಮಗಳ ಕೈ ಹಿಡಿದುಕೊಂಡೇ ಹೋದರು ಎಂದು ಹೇಳಿ.

ನಿಮ್ಮ ಪ್ರಾರ್ಥನೆಯಲ್ಲಿ ನಮ್ಮನ್ನೂ ಸೇರಿಸಿಕೊಳ್ಳಿ. ನಿಮ್ಮ ಮೈಗೆ ಸುಖವಿರಲಿ, ಮನೆ ತುಂಬ ಜನರಿರಲಿ.

ಇತಿ, ನಿಮ್ಮ ಮಗನಂಥ
ವಿಖ್ಯಾತ್